ಎಳೆದುಕೊಂಡು ಹೋಗುವವನ ಹೊಣೆ

ಹಳೆಯದನ್ನು ಜೋಪಾನ ಮಾಡಬೇಕೇ ಎಂದು ಯಾರನ್ನು ಕೇಳಿದರೂ ಹೌದೆಂದೇ ಹೇಳುತ್ತಾರೆ. ಅಜ್ಜನ ಕಾಲದ ಹಂಡೆ, ತಾಳೆಗರಿಯ ಕಟ್ಟು, ಅಟ್ಟದ ಮೇಲಿನ ಮರದ ಪೆಟ್ಟಿಗೆ - ಇವುಗಳ ಮಟ್ಟಿಗೆ ಆ ಉತ್ತರ ಸರಿ. ಹಂಡೆ ಯಾರ ಮೈಮೇಲೂ ಹೋಗುವುದಿಲ್ಲ. ಆದರೆ ಜೋಪಾನ ಮಾಡಿದ ವಸ್ತು ಚಕ್ರದ ಮೇಲೆ ನಿಂತದ್ದಾದರೆ, ಅದನ್ನು ಹತ್ತು ಮಂದಿ ಓಡಾಡುವ ದಾರಿಗೆ ಇಳಿಸುವುದಾದರೆ, ಅದರ ಹಳಮೆಗೆ ನಾನು ಸಲ್ಲಿಸುವ ನಿಷ್ಠೆಯ ಬೆಲೆಯನ್ನು ಇನ್ನೊಬ್ಬ ತೆರಬೇಕಾದೀತು. ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಅರ್ಧ ನಮ್ಮೂರಿನ ಒಂದು ಇಳಿಜಾರಿನಲ್ಲಿ ಹುಟ್ಟಿತು. ಉಳಿದರ್ಧ, ಎಂಟು ವರ್ಷ ಕಳೆದು, ಅಮೆರಿಕದ ಒಂದು ಬೆಟ್ಟದ ದಾರಿಯಲ್ಲಿ. ಎರಡನೆಯದನ್ನು ಮೊದಲು ಹೇಳುತ್ತೇನೆ. ಮೊದಲನೆಯದನ್ನು ಹೇಳಲು ಸ್ವಲ್ಪ ಧೈರ್ಯ ಕೂಡಿಸಿಕೊಳ್ಳಬೇಕು.

2016ರ ಬೇಸಿಗೆಯಲ್ಲಿ ಉತ್ತರ ಕೆರೊಲಿನಾ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಬೆಟ್ಟದ ಬುಡದ ಸಣ್ಣ ಊರು. ಪಕ್ಕದ ಮನೆಯವರು ಅಂಚೆ ಇಲಾಖೆಯಿಂದ ನಿವೃತ್ತರಾದ, ಅರುವತ್ತೈದು ದಾಟಿದ ಒಬ್ಬರು. ಅವರ ಶೆಡ್ಡಿನಲ್ಲಿ 1954ರ ಒಂದು ಷೆವ್ರೊಲೆ ಬೆಲ್ ಏರ್ ಕಾರು, ಅದರ ಹಿಂದೆ 1959ರ ಒಂದು ಟ್ರೈಲರು. ಟ್ರೈಲರು ಎಂದರೆ ನಾವು ಟ್ರ್ಯಾಕ್ಟರಿನ ಹಿಂದೆ ಕಾಣುವ ಕಲ್ಲು ಹೇರುವ ಪೆಟ್ಟಿಗೆಯಲ್ಲ. ಎರಡು ಚಕ್ರದ ಮೇಲಿನ ಪುಟ್ಟ ಮನೆ. ಒಳಗೆ ಹಾಸಿಗೆ, ಒಲೆ, ಮಂಜುಗಡ್ಡೆಯ ಪೆಟ್ಟಿಗೆ, ರಾತ್ರಿ ಮಂಚವಾಗುವ ಊಟದ ಮೇಜು. ಹೊರಗಿನ ಅಲ್ಯುಮಿನಿಯಂ ತಗಡಿಗೆ ಬಿಳಿ-ಹಳದಿ ಬಣ್ಣ, ಹಿಂಬದಿಯ ಎರಡೂ ಮಗ್ಗುಲಲ್ಲಿ ಒಂದೊಂದು ತಗಡಿನ ರೆಕ್ಕೆ. ಆಕಾರ ಅಡ್ಡ ಮಲಗಿಸಿದ ಹಲಸಿನ ಹಣ್ಣಿನದು. ಕಂಪೆನಿಯ ಹೆಸರನ್ನು ನಾನು 'ಶಾಸ್ತಾ' ಎಂದೇ ಓದಿ ಒಂದು ಕ್ಷಣ ಕೈಮುಗಿಯುವುದರಲ್ಲಿದ್ದೆ. ಕ್ಯಾಲಿಫೋರ್ನಿಯಾದಲ್ಲಿ ಆ ಹೆಸರಿನ ಪರ್ವತವೊಂದಿದೆ ಎಂದು ಮಗಳು ಹೇಳಿದಳು.

ಟ್ರೈಲರು ಅವರ ತಂದೆತಾಯಿ ಕೊಂಡದ್ದು. ಎಂಟು ವರ್ಷದ ಹುಡುಗನಾಗಿ ಅದರ ಮೇಲಿನ ಅಟ್ಟಣೆಯಲ್ಲಿ ಮಲಗಿ ಮಳೆಯ ಸದ್ದು ಕೇಳಿದ್ದನ್ನು ಅವರು ಎರಡು ಸಲ ಹೇಳಿದರು. ಕಾರು ತಂದೆಯದಲ್ಲ, ತಂದೆಯಲ್ಲಿದ್ದಂಥದೇ ಇನ್ನೊಂದನ್ನು ಹುಡುಕಿ ಕೊಂಡದ್ದು.

ಆ ದೇಶದಲ್ಲಿ ಇದು ಒಬ್ಬಿಬ್ಬರ ಹುಚ್ಚಲ್ಲ. ಕಾರಿನ ಜೊತೆ ಮನೆಯನ್ನೂ ಕೊಂಡೊಯ್ಯುವ ಪದ್ಧತಿ ಅಲ್ಲಿ ಮೊದಲನೆಯ ಮಹಾಯುದ್ಧ ಮುಗಿಯುತ್ತಲೇ ಬೇರೂರಿತು. 1919ರಲ್ಲಿ ಫ್ಲೋರಿಡಾದ ಟ್ಯಾಂಪಾದಲ್ಲಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಅಲೆಮಾರಿ ಕುಟುಂಬಗಳ ಸಂಘ ಹುಟ್ಟಿತು. ವಾಲಿ ಬಯಾಮ್ ಎಂಬಾತ 1936ರಲ್ಲಿ ವಿಮಾನದಂತೆ ಹೊಳೆಯುವ 'ಕ್ಲಿಪ್ಪರ್' ಟ್ರೈಲರನ್ನು ಮಾರಾಟಕ್ಕೆ ತಂದ. ತನ್ನ ಏರ್‌ಸ್ಟ್ರೀಮ್ ಟ್ರೈಲರುಗಳ ಒಂದು ದಂಡನ್ನೇ 1959-60ರಲ್ಲಿ ಆಫ್ರಿಕದ ಕೇಪ್‌ಟೌನಿನಿಂದ ಕೈರೋದವರೆಗೆ ನಡೆಸಿದ. ಕಾಲ ಬದಲಾಯಿತು, ಹಳೆಯ ಟ್ರೈಲರುಗಳು ಹಿತ್ತಿಲಲ್ಲಿ ಕೋಳಿಗೂಡಾದವು. ಆ ಹಳೆಯ ಸಂಘವೂ ಕಣ್ಮರೆಯಾಗಿ, ಪುರಾತನ ಟ್ರೈಲರುಗಳ ಅಭಿಮಾನಿಗಳಿಂದ 1998ರಲ್ಲಿ ಮತ್ತೆ ಜೀವ ಪಡೆಯಿತು. ಈಗ ಹಳೆಯ ಟ್ರೈಲರನ್ನು ಅದೇ ಕಾಲದ ಕಾರಿಗೆ ಕಟ್ಟಿಕೊಂಡು ನೂರಾರು ಮೈಲು ಹೋಗಿ ಒಂದೆಡೆ ಬಿಡಾರ ಹೂಡುವುದು ಅವರಿಗೊಂದು ಜಾತ್ರೆ.

ಒಂದು ಶನಿವಾರ ಅವರು ನನ್ನನ್ನೂ ಕರೆದರು. ಹೋಗುವುದು ಬ್ಲೂ ರಿಜ್ ಪಾರ್ಕ್‌ವೇ ಎಂಬ ಬೆಟ್ಟದ ಹೆಗಲ ಮೇಲಿನ ದಾರಿಗೆ. 1935ರಲ್ಲಿ ಕೆಲಸ ಆರಂಭವಾಗಿ 1987ರಲ್ಲಿ ಪೂರ್ತಿಯಾದ, 469 ಮೈಲು ಉದ್ದದ ರಸ್ತೆ. ಅಲ್ಲಿ ಗಂಟೆಗೆ 45 ಮೈಲಿಗಿಂತ ವೇಗವಾಗಿ ಹೋಗುವಂತಿಲ್ಲ. ಹಳೆಯ ಕಾರಿಗೆ ಹೇಳಿ ಮಾಡಿಸಿದಂಥದು. ಆದರೆ ಅಲ್ಲಿಗೆ ಮುಟ್ಟಲು ಹದಿನೈದು ಮೈಲು ದೊಡ್ಡ ಹೆದ್ದಾರಿಯಲ್ಲಿ ಹೋಗದೆ ವಿಧಿಯಿಲ್ಲ.

ಹೊರಡುವ ಮುನ್ನ ಟ್ರೈಲರು ಕಟ್ಟುವ ಕೆಲಸಕ್ಕೇ ಮುಕ್ಕಾಲು ಗಂಟೆ ಬೇಕಾಯಿತು. ಕಾರಿನ ಹಿಂದೆ ಒಂದು ಕಬ್ಬಿಣದ ಗುಂಡು, ಟ್ರೈಲರಿನ ಮೂಕಿಯ ತುದಿಯಲ್ಲಿ ಅದನ್ನು ಕವುಚಿ ಹಿಡಿಯುವ ಬಟ್ಟಲು. ಎರಡಂಗುಲದ ಬಟ್ಟಲಿಗೆ ಎರಡಂಗುಲದ ಗುಂಡೇ ಬೇಕು. ಅಂಗುಲದ ಎಂಟರಲ್ಲೊಂದು ಪಾಲು ಸಣ್ಣದಿದ್ದರೂ ನೋಡುವಾಗ ಸರಿಯಾಗಿ ಕೂತಂತೆಯೇ ಇರುತ್ತದೆ, ಹೊಂಡ ಬಿದ್ದಲ್ಲಿ ಕಳಚಿ ಹಾರುತ್ತದೆ. ಅದರ ಕೆಳಗೆ ಎರಡು ಸರಪಳಿಗಳನ್ನು ಒಂದನ್ನೊಂದು ಹಾಯುವಂತೆ ಕಟ್ಟುತ್ತಾರೆ. ಗುಂಡು ಕಳಚಿದರೂ ಮೂಕಿ ನೆಲಕ್ಕೆ ಕುತ್ತದೆ ಆ ಸರಪಳಿಯ ತೊಟ್ಟಿಲಲ್ಲಿ ಬೀಳಲಿ ಎಂದು. ಸರಪಳಿಯೂ ಹರಿದರೆ? ಅದಕ್ಕೊಂದು ತಂತಿ ಉಂಟು. ಅದು ಎಳೆದು ಬಂದ ಕ್ಷಣದಲ್ಲಿ ಟ್ರೈಲರು ತನ್ನದೇ ಬ್ಯಾಟರಿಯಿಂದ ತನ್ನದೇ ಬ್ರೇಕನ್ನು ಹಿಡಿದುಕೊಳ್ಳುತ್ತದೆ.

ಆಮೇಲೆ ಅವರು ಒಳಗಿನ ಸಾಮಾನನ್ನೆಲ್ಲ ಹಿಂದಿನಿಂದ ಮುಂದಕ್ಕೆ ಸರಿಸತೊಡಗಿದರು. ಯಾಕೆಂದು ಅವರು ವಿವರಿಸುವ ಮೊದಲೇ ನನಗೆ ತಿಳಿಯಿತು. ನಮ್ಮ ಎತ್ತಿನ ಗಾಡಿಯ ಲೆಕ್ಕವೇ ಅದು. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿಗೆ ಉರುಳಾಗುತ್ತದೆ, ಮುಂಭಾರ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಟ್ರೈಲರಿನ ಒಟ್ಟು ತೂಕದ ನೂರರಲ್ಲಿ ಹತ್ತರಿಂದ ಹದಿನೈದು ಪಾಲು ಎಳೆಯುವ ಕಾರಿನ ಮೇಲೆ ಕೂತಿರಬೇಕು. ಅಷ್ಟು ಕೂರದಿದ್ದರೆ ಅದು ಓಡುತ್ತ ಓಡುತ್ತ ಬಾಲ ಆಡಿಸತೊಡಗುತ್ತದೆ; ಒಂದು ವೇಗ ದಾಟಿದರೆ ಪ್ರತಿ ತೂಗಾಟ ಹಿಂದಿನದಕ್ಕಿಂತ ದೊಡ್ಡದಾಗಿ, ಕೊನೆಗೆ ಎಳೆಯುವ ಕಾರನ್ನೇ ಹಿಡಿದು ತಿರುಗಿಸುತ್ತದೆ. ಆಗ ಹೆದರಿ ಕಾರಿನ ಬ್ರೇಕು ಒತ್ತಿದವನು ಕೆಟ್ಟ. ಕಾಲನ್ನು ಎಣ್ಣೆಯಿಂದ ಮೆಲ್ಲನೆ ತೆಗೆದು, ಕೈಯಲ್ಲಿ ಟ್ರೈಲರಿನ ಬ್ರೇಕನ್ನು ಮಾತ್ರ ಹಿಡಿಯಬೇಕಂತೆ.

1954ರಲ್ಲಿ ಬಂದ 'ದಿ ಲಾಂಗ್, ಲಾಂಗ್ ಟ್ರೈಲರ್' ಎಂಬ ಹಾಲಿವುಡ್ ಚಿತ್ರದ ಕತೆಯನ್ನು ಅವರು ಸಾಮಾನು ಸರಿಸುತ್ತಲೇ ಹೇಳಿದರು. ಆಮೇಲೆ ಮಗಳು ಅದನ್ನು ನನಗೆ ತೋರಿಸಿದಳು. ಲೂಸಿಲ್ ಬಾಲ್, ದೆಸಿ ಅರ್ನಾಜ್ ನಟಿಸಿದ ನಗೆಚಿತ್ರ. ಹೊಸದಾಗಿ ಮದುವೆಯಾದ ದಂಪತಿ ಉದ್ದನೆಯ ಟ್ರೈಲರು ಎಳೆದುಕೊಂಡು ದೇಶ ಸುತ್ತುತ್ತಾರೆ. ಹೋದಲ್ಲೆಲ್ಲ ಹೆಂಡತಿ ನೆನಪಿಗೆಂದು ಒಂದೊಂದು ಕಲ್ಲು ಹೆಕ್ಕುತ್ತಾಳೆ. ಬೆಟ್ಟ ಹತ್ತುವ ಮೊದಲು ಇವನ್ನೆಲ್ಲ ಎಸೆ ಎನ್ನುತ್ತಾನೆ ಗಂಡ. ಅವಳು ಎಸೆಯುವುದಿಲ್ಲ, ಅಡಗಿಸಿಡುತ್ತಾಳೆ. ಕಡಿದಾದ ಏರಿನಲ್ಲಿ ಆ ಕಲ್ಲುಗಳು ಒಳಗೆ ಉರುಳಾಡುತ್ತವೆ. ನಾನು ನಕ್ಕೆ, ಆದರೆ ಆ ರಾತ್ರಿ ನನಗೆ ಕಾಡಿದ್ದು ಹಾಸ್ಯವಲ್ಲ. ಅವಳಿಗೆ ಪ್ರತಿ ಕಲ್ಲಿಗೂ ಕಾರಣವಿತ್ತು. ಯಾವ ಕಲ್ಲೂ ಸುಳ್ಳಲ್ಲ. ಆದರೂ ಸ್ಟಿಯರಿಂಗು ಹಿಡಿದವನಿಗೆ ತಾನು ಎಷ್ಟು ಭಾರ ಎಳೆಯುತ್ತಿದ್ದೇನೆಂದು ಗೊತ್ತಿರಲಿಲ್ಲ.

ಇರಲಿ, ಬ್ರೇಕಿನ ವಿಚಾರಕ್ಕೆ ಬರುತ್ತೇನೆ. ಆ ಕಾರಿನ ತೂಕ ಸುಮಾರು ಒಂದೂವರೆ ಟನ್ನು. ಟ್ರೈಲರು ಒಂದು ಟನ್ನಿಗಿಂತ ತುಸು ಕಡಿಮೆ. ಅಂದರೆ ಒಂದೂವರೆ ಟನ್ನಿಗೆಂದು ಮಾಡಿದ ಬ್ರೇಕಿಗೆ ಎರಡೂವರೆ ಟನ್ನಿನ ಹತ್ತಿರ ಕೆಲಸ. ಅದೂ ಎಂಥ ಬ್ರೇಕು? ನಾಲ್ಕೂ ಚಕ್ರಕ್ಕೆ ಡ್ರಮ್ಮು. ಇಳಿಜಾರಿನಲ್ಲಿ ಒತ್ತಿ ಹಿಡಿದಷ್ಟೂ ಡ್ರಮ್ಮು ಕಾದು ಹಿಗ್ಗುತ್ತದೆ, ಲೈನಿಂಗಿನ ಹಿಡಿತ ಕುಂದುತ್ತದೆ, ಪೆಡಲು ಒತ್ತಿದರೂ ಗಾಡಿ ಕೇಳುವುದಿಲ್ಲ. ಮೇಲಾಗಿ, ಆ ಕಾಲದ ಹೆಚ್ಚಿನ ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಬ್ರೇಕಿನ ಎಣ್ಣೆಗೆ ಒಂದೇ ದಾರಿ. ಎಲ್ಲಿಯಾದರೂ ಒಂದು ರಬ್ಬರು ಒಡೆದರೆ ನಾಲ್ಕೂ ಹೋಯಿತು.

ನಮ್ಮ ನೆರೆಯವರು ಇದನ್ನೆಲ್ಲ ಬದಲಿಸಿದ್ದರು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಎಣ್ಣೆಗೆ ಎರಡು ದಾರಿ. ಟ್ರೈಲರಿಗೆ ಮೂಲದಲ್ಲಿ ಬ್ರೇಕೇ ಇರಲಿಲ್ಲ. ವಿದ್ಯುತ್ತಿನ ಬ್ರೇಕು ಹಾಕಿಸಿದರು. ಅದಕ್ಕೆ ಬೇಕಾದದ್ದು 12 ವೋಲ್ಟು, ಕಾರಿನಲ್ಲಿದ್ದುದು 6. ಹಾಗಾಗಿ ಡೈನಮೋ, ಬಲ್ಬು, ವಯರು ಎಲ್ಲವೂ ಹೊಸತು. ಕಾರಿನ ಹಳೆಯ ವಾಲ್ವ್ ರೇಡಿಯೋ ಅಂದಿನಿಂದ ಮೂಕವಾಯಿತು. ಟ್ರೈಲರಿನ ತಗಡು ಬಿಚ್ಚಿದಾಗ ಒಳಗಿನ ಮರದ ಚೌಕಟ್ಟು ಕಿಟಕಿಯ ಸಂದಿನಿಂದ ಇಳಿದ ನೀರಿಗೆ ಹಿಟ್ಟಾಗಿತ್ತಂತೆ. ಹೊರಗಿನಿಂದ ನೋಡಿದರೆ ಕನ್ನಡಿ. ಅದೂ ಮುಕ್ಕಾಲು ಪಾಲು ಹೊಸ ಮರ.

ಕಾನೂನು ಇವೆಲ್ಲವನ್ನೂ ಕೇಳಿತ್ತೇ? ಇಲ್ಲ. ಹಳೆಯ ಕಾರು ತಾನು ತಯಾರಾದ ಕಾಲದ ನಿಯಮಕ್ಕೆ ಒಪ್ಪಿದರೆ ಸಾಕು. ಆಮೇಲೆ ಬಂದ ಸುರಕ್ಷೆಯ ಕಟ್ಟಳೆಗಳು ಅದಕ್ಕೆ ತಗಲುವುದಿಲ್ಲ. ಎಷ್ಟು ಭಾರದ ಟ್ರೈಲರಿಗೆ ಬ್ರೇಕು ಕಡ್ಡಾಯವೆಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಲವು ಕಡೆ 3,000 ಪೌಂಡಿನವರೆಗೆ ಬೇಡ. ಬದಲಾಗಿ, ಹಳೆಯ ಕಾರುಗಳ ಸ್ಪರ್ಧೆಯಲ್ಲಿ ಮೂಲ ಭಾಗಗಳಿಗೆ ಬೆಲೆ. ಇಂಥ ತಿದ್ದುಪಡಿಗೆ ಅಂಕ ಹೋಗುತ್ತದೆ. ಅವರು ಅಂಕ ಬಿಟ್ಟರು. ಆದರೆ ಒಂದು ಕೆಲಸ ಮಾಡಿದರು. ಟ್ರೈಲರಿನ ಅಡುಗೆ ಕಪಾಟಿನ ಬಾಗಿಲ ಒಳಮೈಗೆ ಒಂದು ಕಾಗದ ಅಂಟಿಸಿ, ಯಾವ ಭಾಗವನ್ನು ಯಾವ ದಿನ ಬದಲಿಸಿದೆನೆಂದು ಒಂದೂ ಬಿಡದೆ ಬರೆದಿದ್ದರು. ನೋಡಲು ಬಂದವರಿಗೆ ಮೊದಲು ಆ ಬಾಗಿಲನ್ನೇ ತೆರೆದು ತೋರಿಸುತ್ತಿದ್ದರು.

ಇಷ್ಟು ಬದಲಿಸಿದ ಮೇಲೆ ಅದು ತಂದೆಯ ಟ್ರೈಲರೇ? ಇದು ಬಹಳ ಹಳೆಯ ಪ್ರಶ್ನೆ. ಅಥೆನ್ಸಿನವರು ಥೀಸಿಯಸನ ನಾವೆಯನ್ನು ಉಳಿಸಿಕೊಳ್ಳುತ್ತ, ಕೊಳೆತ ಹಲಗೆಗೆ ಹೊಸ ಹಲಗೆ ಹಾಕುತ್ತ ಹೋದರೆಂದೂ, ಅದು ಅದೇ ನಾವೆಯೇ ಎಂದು ತತ್ತ್ವಜ್ಞಾನಿಗಳು ವಾದಿಸಿದರೆಂದೂ ಪ್ಲೂಟಾರ್ಕ್ ಬರೆದಿದ್ದಾನೆ. ನಮ್ಮಲ್ಲಿ ಮಿಲಿಂದ ರಾಜ ರಥವೇರಿ ಬಂದಾಗ ಭಿಕ್ಷು ನಾಗಸೇನ ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ಮೂಕಿ ರಥವೇ? ಯಾವುದೂ ಅಲ್ಲ, ಎಲ್ಲ ಕೂಡಿದಾಗ ಬರುವ ವ್ಯವಹಾರದ ಹೆಸರು ರಥ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಈ ಎರಡೂ ಕತೆ ಗೊತ್ತಿದ್ದವು. ಗೊತ್ತಿದ್ದೂ ಪ್ರಯೋಜನವಾಗಲಿಲ್ಲ. ಏಕೆಂದರೆ ಆ ಎರಡು ಕತೆಯಲ್ಲೂ ಕೇಳುವುದು ವಸ್ತುವನ್ನು ಕುರಿತು. ರಥದ ಮುಂದೆ ದಾರಿಯಲ್ಲಿ ನಡೆಯುತ್ತಿದ್ದವನನ್ನು ಕುರಿತು ಯಾರೂ ಕೇಳಲಿಲ್ಲ.

ಈಗ ನನ್ನ ಕತೆ ಹೇಳಬೇಕು.

ನಮ್ಮ ಮನೆಯಲ್ಲಿ ತಂದೆಯವರು ಕೊಂಡ 1964ರ ಕಾರು ಇತ್ತು. ಆಗ ಈ ಕಡೆ ಇದ್ದದ್ದೇ ಎರಡು-ಮೂರು ಬಗೆಯ ಕಾರು, ಅದರಲ್ಲೊಂದು. ಅವರು ತೀರಿಹೋದ ಮೇಲೆ ಅದನ್ನು ನಾನು ಹಾಗೆಯೇ ಉಳಿಸಿದೆ. ಸೀಟಿನ ಬಟ್ಟೆ ಕೂಡ ಬದಲಿಸಲಿಲ್ಲ. ನಮ್ಮ ಮೆಕ್ಯಾನಿಕ್ಕು ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದ: "ಮಾಷೇ, ಬೇರೆ ಏನೂ ಮುಟ್ಟುವುದು ಬೇಡ. ಬ್ರೇಕು ಮಾತ್ರ ಹೊಸ ಮಾಡೆಲಿಂದು ಹಾಕುವ." ನಾನು ಒಪ್ಪಲಿಲ್ಲ. ತಂದೆಯವರು ನಲುವತ್ತು ವರ್ಷ ಇದೇ ಬ್ರೇಕಿನಲ್ಲಿ ಬಿಟ್ಟಿದ್ದಾರೆ, ಒಂದು ನಾಯಿಗೂ ತಾಗಿಸಿದವರಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ.

2008ರ ಮಳೆಗಾಲ ಮುಗಿದ ಹೊತ್ತು, ಬದಿಯಡ್ಕ-ಪೆರ್ಲ ಕಡೆಯ ಒಂದು ಇಳಿಜಾರಿನಲ್ಲಿ ಪೆಡಲು ಸೀದಾ ತಳಕ್ಕೆ ಹೋಯಿತು. ಮುಂದೆ ಒಬ್ಬರು ಹುಲ್ಲಿನ ಕಟ್ಟು ಹೊತ್ತು ನಡೆಯುತ್ತಿದ್ದರು. ಕಟ್ಟು ಕಣ್ಣಿನವರೆಗೆ ಇಳಿದಿತ್ತು. ಅವರಿಗೆ ಹಿಂದಿನದು ಕಾಣುವಂತಿರಲಿಲ್ಲ. ಹಾರನ್ನು ಒತ್ತಿದೆನೋ ಇಲ್ಲವೋ ನೆನಪಿಲ್ಲ. ಕೊನೆಯ ಗಳಿಗೆಯಲ್ಲಿ ಅವರು ಚರಂಡಿಗೆ ಹಾರಿದರು. ಕಾರು ಹುಲ್ಲಿನ ಕಟ್ಟಿನ ಮೇಲೆ ಹಾದು, ಕೆಂಪುಕಲ್ಲಿನ ದರೆಗೆ ಒರಗಿ ನಿಂತಿತು.

ನಾನು ಇಳಿದು ಮೊದಲು ನೋಡಿದ್ದು ಕಾರಿನ ಮುಂಭಾಗವನ್ನು. "ತಂದೆಯವರ ಕಾರು" ಎಂದೆ. ಅದು ನನ್ನ ಬಾಯಿಂದ ಬಂದ ಮೊದಲ ಮಾತು. ಅವರು ಚರಂಡಿಯಿಂದ ಎದ್ದು, ಮೊಣಕೈಯ ರಕ್ತ ಒರಸಿಕೊಂಡು, "ಮಾಷ್ಟ್ರಿಗೆ ಪೆಟ್ಟಾಯಿತಾ?" ಎಂದು ತುಳುವಿನಲ್ಲಿ ಕೇಳಿದರು. ಮತ್ತೆ ಬಗ್ಗಿ, ಚೆಲ್ಲಿದ ಹುಲ್ಲನ್ನು ಕೂಡಿಸತೊಡಗಿದರು.

ಆ ದಿನದಿಂದ ಕಾರನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ ಟಾರ್ಪಾಲು ಹೊದಿಸಿದೆ. ತಂದೆಯವರ ಮೇಲಿನ ಗೌರವದಿಂದ ಎಂದು ಮನೆಯವರಿಗೆ ಹೇಳಿದೆ, ನಾಚಿಕೆಯಿಂದ ಎನ್ನಲಿಲ್ಲ. ಎಂಟು ವರ್ಷ ಅದು ಅಲ್ಲೇ ಇತ್ತು.

(ಈ ವಾರ್ಷಿಕದಲ್ಲಿ ಯಾರು ಏನನ್ನು ಬರೆಯಲು ಕುಳಿತರೂ ಕೊನೆಗೆ 1956ಕ್ಕೆ ಬಂದು ಮುಟ್ಟುವುದು ರೂಢಿ. ನಾನೂ ಹಿಂದೆ ಹಾಗೆ ಬರೆದಿದ್ದೇನೆ. ಹಳೆಯ ಕಾರು ಎಂದರೆ ಭಾಷೆ, ಟ್ರೈಲರು ಎಂದರೆ ಸಂಸ್ಕೃತಿ ಎಂದು ಈಗಾಗಲೇ ಲೆಕ್ಕ ಹಾಕಿದವರಲ್ಲಿ ನನ್ನ ವಿನಂತಿ: ಇಲ್ಲಿ ಕಾರು ಕಾರೇ, ಚರಂಡಿ ಚರಂಡಿಯೇ.)

ಬೆಟ್ಟದ ದಾರಿಗೆ ಹೋಗುವ ಹೆದ್ದಾರಿಯಲ್ಲಿ ಆ ಹಸಿರು ಕಾರಿನ ಮುಂದಿನ ಸೀಟಿನಲ್ಲಿ ಕೂತು ಇದನ್ನೆಲ್ಲ ಅವರಿಗೆ ಹೇಳಿದೆ. ನನ್ನ ಇಂಗ್ಲಿಷು ಪುಸ್ತಕದ್ದು, ಅವರದು ಮೂಗಿನದು, ಆದರೂ ಅರ್ಥವಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಒಂದು ಮಾತು ಹೇಳಿದರು. ನಿಮ್ಮ ತಂದೆಯ ಬ್ರೇಕು ಸಾಕಾಗಿದ್ದುದು ನಿಮ್ಮ ತಂದೆಯ ರಸ್ತೆಗೆ. ಆ ರಸ್ತೆ ಈಗ ಎಲ್ಲಿದೆ?

ನಾನು ಕಾಣದೆ ಹೋದದ್ದು ಇದನ್ನೇ. 1964ರಲ್ಲಿ ನಮ್ಮ ದಾರಿಯಲ್ಲಿ ಇದ್ದದ್ದು ಕೆಲವು ಬಸ್ಸು, ಕೆಲವು ಲಾರಿ, ಎತ್ತಿನ ಗಾಡಿಗಳು. ಎಲ್ಲಕ್ಕೂ ನಿಲ್ಲಲು ಹೆಚ್ಚುಕಡಿಮೆ ಒಂದೇ ದೂರ ಬೇಕಿತ್ತು. ಎಲ್ಲರೂ ಅಷ್ಟು ದೂರ ಬಿಟ್ಟೇ ಹೋಗುತ್ತಿದ್ದರು. ಆ ಬ್ರೇಕೆಂದರೆ ಕಬ್ಬಿಣ ಮತ್ತು ರಬ್ಬರು ಮಾತ್ರವಲ್ಲ, ಸುತ್ತಲಿನವರೆಲ್ಲ ಒಪ್ಪಿಕೊಂಡ ಒಂದು ನಿಧಾನ. ತಲಪಾಡಿಯಿಂದ ಈಚೆಗೆ ಹೆದ್ದಾರಿ ಆರು ಲೇನಿಗೆ ಅಗಲವಾದುದನ್ನು ಕಂಡವರಿಗೆ ಆ ನಿಧಾನ ಎಲ್ಲಿ ಹೋಯಿತೆಂದು ಹೇಳಬೇಕಿಲ್ಲ. ನಾನು ಮೂಲವೆಂದು ಉಳಿಸಿಕೊಂಡದ್ದು ಅರ್ಧವನ್ನು. ಉಳಿದರ್ಧ ನನ್ನ ಕೈಯಲ್ಲಿ ಇರಲೇ ಇಲ್ಲ. ಹಳೆಯ ಕಾರನ್ನು ಕಿಂಚಿತ್ತೂ ಬದಲಿಸದೆ ಹೊಸ ರಸ್ತೆಗೆ ಇಳಿಸಿದವನು ಅದನ್ನು ಬದಲಿಸಿಯೇ ಇಳಿಸಿರುತ್ತಾನೆ, ಅವನಿಗೆ ತಿಳಿದಿರುವುದಿಲ್ಲ. ತಂದೆಯವರಲ್ಲಿದ್ದ ಗುಣ ಯಾವುದು? ಹೊತ್ತಿಗೆ ಸರಿಯಾಗಿ ನಿಲ್ಲುವುದು. ಅದನ್ನು ಬಿಟ್ಟು ಅವರ ಬ್ರೇಕಿನ ರಬ್ಬರನ್ನು ಪೂಜಿಸಿದೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾನು ಅರ್ಧಸತ್ಯ ಹೇಳಿದಂತಾದೀತು. ಹೊಸ ಬ್ರೇಕಿನಿಂದ ಏನೂ ಕಳೆದುಹೋಗುವುದಿಲ್ಲವೆಂದಲ್ಲ. ನೆರೆಯವರೇ ಒಪ್ಪಿಕೊಂಡರು: ಡಿಸ್ಕು ಹಾಕಿಸಿದ ಮೇಲೆ ಮುಂದಿನ ಗಾಡಿಗೆ ಮೊದಲಿನಷ್ಟು ಅಂತರ ಬಿಡುವುದಿಲ್ಲ, ತಿರುವಿನಲ್ಲಿ ವೇಗ ತುಸು ಹೆಚ್ಚಿದೆ, ಕಾಲಿಗೆ ಧೈರ್ಯ ಬಂದಿದೆ. ಹಳೆಯ ಬ್ರೇಕು ಸವಾರನನ್ನು ತಿದ್ದುತ್ತಿತ್ತು. ನನ್ನ ತಂದೆಯವರು ಇಳಿಜಾರಿಗೆ ಮೊದಲೇ ಗೇರು ಇಳಿಸುತ್ತಿದ್ದರು, ಕುರುಡು ತಿರುವಿಗೆ ಮೊದಲೇ ಹಾರನ್ನು ಒತ್ತುತ್ತಿದ್ದರು, ದಾರಿಹೋಕ ಕಂಡರೆ ಅರ್ಧ ಫರ್ಲಾಂಗು ಮೊದಲೇ ಕಾಲು ಎತ್ತುತ್ತಿದ್ದರು. ಈ ಜಾಗರೂಕತೆಯನ್ನು ಅವರಿಗೆ ಕಲಿಸಿದ್ದು ಬ್ರೇಕಿನ ಬಡತನ. ಯಂತ್ರ ಬಲವಾದಷ್ಟೂ ಮನುಷ್ಯ ಉದಾಸೀನನಾಗುವುದಾದರೆ ದಾರಿಯಲ್ಲಿ ನಡೆಯುವವನಿಗೆ ಒಟ್ಟು ಲಾಭವೆಷ್ಟು? ಇದಕ್ಕೆ ನನ್ನಲ್ಲಿ ಲೆಕ್ಕವಿಲ್ಲ. ಒಂದು ಮಾತ್ರ ಗೊತ್ತು: ಮನಸ್ಸು ತಪ್ಪಿದರೂ ಹಿಡಿಯುವ ಬ್ರೇಕು ಇರಬೇಕು, ಬ್ರೇಕು ತಪ್ಪಿದರೂ ಉಳಿಯುವ ಅಂತರ ಇರಬೇಕು. ಟ್ರೈಲರಿನ ಗುಂಡು, ಅದರ ಕೆಳಗೆ ಸರಪಳಿ, ಅದರಾಚೆ ತಂತಿ ಇರುವಂತೆ.

ಮುಟ್ಟದೆ ಉಳಿಸುವವರನ್ನು ನಾನು ಜರೆಯುವುದಿಲ್ಲ. ಅಲ್ಲಿ ಕೆಲವರು ಹಳೆಯ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಮೇಳಕ್ಕೆ ತರುತ್ತಾರೆ. ಉಳಿದವರು ಅವರನ್ನು ಗೇಲಿ ಮಾಡುವುದನ್ನು ಕೇಳಿದೆ. ನನಗೆ ಅದು ಪ್ರಾಮಾಣಿಕವೆನಿಸಿತು. ಬದಲಿಸಲು ಮನಸ್ಸಿಲ್ಲದವನು ದಾರಿ ಬಿಟ್ಟುಕೊಟ್ಟಿದ್ದಾನೆ. ಎರಡೂ ಬೇಕು, ಮೂಲವೂ ಬೇಕು ದಾರಿಯೂ ಬೇಕು ಎಂದವನು ನಾನು.

ಬೆಟ್ಟ ಹತ್ತುವಾಗ ನಮ್ಮ ಹಿಂದೆ ಹದಿನಾರು ಕಾರು ಕೂಡಿದ್ದನ್ನು ಕನ್ನಡಿಯಲ್ಲಿ ಎಣಿಸಿದೆ. ಯಾರೂ ಹಾರನ್ನು ಹಾಕಲಿಲ್ಲ. ಅಂಚಿನಲ್ಲಿ ಜಾಗ ಸಿಕ್ಕಿದಲ್ಲೆಲ್ಲ ನೆರೆಯವರು ನಿಲ್ಲಿಸಿ ಅವರನ್ನು ಮುಂದೆ ಬಿಟ್ಟರು. ಒಬ್ಬ ಹುಡುಗ ರೆಕ್ಕೆಗಳನ್ನು ಕಂಡು ಕೈಬೀಸಿದ.

ಊರಿಗೆ ಮರಳಿ, ಆ ವರ್ಷವೇ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಟಾರ್ಪಾಲು ತೆಗೆದು, ಏನೂ ಕೇಳದೆ, ಹೊಸ ಬ್ರೇಕು ಹಾಕಿದ. ಬಿಚ್ಚಿದ ಹಳೆಯ ಸಿಲಿಂಡರನ್ನು ಮಾತ್ರ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಕಾರಿನ ಡ್ಯಾಶಿನ ಪೆಟ್ಟಿಗೆಯೊಳಗೆ ಒಂದು ಚೀಟಿ ಅಂಟಿಸಿ ಏನೇನು ಬದಲಾಯಿತೆಂದು ತಾರೀಕು ಸಹಿತ ಬರೆದಿಟ್ಟೆ.

ಮರುವಾರ ಆ ಹುಲ್ಲಿನ ಕಟ್ಟಿನವರ ಮನೆಗೆ ಹೋದೆ. ಅವರ ಮನೆ ಅದೇ ಇಳಿಜಾರಿನ ತಲೆಯಲ್ಲಿ. ಎಂಟು ವರ್ಷದಲ್ಲಿ ನಾನು ಆ ಅಂಗಳ ಹತ್ತಿದ್ದು ಅದೇ ಮೊದಲು. ಬೆಲ್ಲ-ನೀರು ಕೊಟ್ಟರು. ಕೇಳಬೇಕಾದ ಕ್ಷಮೆಯನ್ನು ನಾನು ಹೇಗೋ ಕೇಳಿದೆ. ಅವರು ಅದನ್ನು ಕೇಳಿಸಿಕೊಂಡಂತೆ ತೋರಿಸಲಿಲ್ಲ. ಪೇಟೆಗೆ ಹೋಗಲಿಕ್ಕುಂಟು ಎಂದರು. ಬನ್ನಿ, ಕಾರಿನಲ್ಲೇ ಹೋಗುವ ಎಂದೆ. ಅವರು ಗೇಟಿನವರೆಗೆ ಬಂದು, ಕಾರನ್ನು ಮುಂದಿನಿಂದ ಹಿಂದಿನವರೆಗೆ ಒಮ್ಮೆ ನೋಡಿದರು.

"ಬ್ರೇಕು ಹೊಸತಾ?"

"ಹೌದು."

"ಹಾಗಾದರೆ ಮಾಷ್ಟ್ರು ಮುಂದೆ ಹೋಗಿ. ಇಳಿಜಾರಿನ ಬುಡದಲ್ಲಿ ನಿಲ್ಲಿಸಿ. ನಾನು ನಡೆದು ಬಂದು ಅಲ್ಲಿ ಹತ್ತುತ್ತೇನೆ."

ನಾನು ಇಳಿದು ಹೋಗಿ, ದರೆಯ ಬದಿಗೆ ನಿಲ್ಲಿಸಿ, ಕಾದೆ. ಅವರು ನಿಧಾನವಾಗಿ ಬಂದರು.